ನಂಬಿದ್ದು ತಪ್ಪಾಗಿದ್ದರೆ? ಪದೇ ಪದೇ ಕೇಳುವ ಪ್ರಶ್ನೆಗಳು

ದೇವರು, ಕರ್ಮ, ಪುನರ್ಜನ್ಮ, ಸ್ವರ್ಗ, ನರಕ, ಹರಕೆಯ ಫಲ. ಇವುಗಳಲ್ಲಿ ಯಾವುದೋ ಒಂದು ಅಥವಾ ಎಲ್ಲವೂ ನಿಜವಲ್ಲ ಎಂದಾದರೆ ಆಮೇಲೇನು? ಈ ಅನುಮಾನ ಹುಟ್ಟಿ, ಯಾರನ್ನು ಕೇಳುವುದೆಂದು ತೋಚದವರಿಗಾಗಿ ಈ ಪುಟ. ದೇವರಿದ್ದಾನೋ ಇಲ್ಲವೋ ಎಂಬ ತೀರ್ಪು ಇಲ್ಲಿಲ್ಲ. ಇಲ್ಲ ಎಂದಾದರೆ ಏನು ಬೀಳುತ್ತದೆ, ಏನು ನಿಲ್ಲುತ್ತದೆ ಎಂಬುದಷ್ಟೇ ವಿಷಯ. ಕಾನೂನು, ಕಚೇರಿ, ಚಿತಾಗಾರದ ವಿವರಗಳನ್ನು ಬೆಂಗಳೂರಿನಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ.

“ನಂಬಿಕೆ ತಪ್ಪು” ಅಂದರೆ ಯಾವುದು ತಪ್ಪು?

ಮೊದಲು ಇದನ್ನೇ ಬಿಡಿಸಿಕೊಳ್ಳಬೇಕು. ಒಬ್ಬರ ಧರ್ಮದೊಳಗೆ ಬೇರೆ ಬೇರೆ ಬಗೆಯ ಮಾತುಗಳು ಒಟ್ಟಿಗೇ ಇರುತ್ತವೆ. “ಗ್ರಹಣದ ಹೊತ್ತಿನಲ್ಲಿ ಊಟ ವಿಷವಾಗುತ್ತದೆ” ಎಂಬುದು ಜಗತ್ತಿನ ಬಗ್ಗೆ ಹೇಳುವ ಮಾತು, ಪರೀಕ್ಷಿಸಬಹುದು. “ಸತ್ತ ಮೇಲೆ ಆತ್ಮ ಉಳಿಯುತ್ತದೆ” ಎಂಬುದೂ ಜಗತ್ತಿನ ಬಗ್ಗೆಯೇ ಹೇಳುವ ಮಾತು, ಆದರೆ ಪರೀಕ್ಷೆಗೆ ಸುಲಭವಾಗಿ ಸಿಗುವುದಿಲ್ಲ. “ಹಸಿದವರಿಗೆ ಅನ್ನ ಹಾಕು” ಎಂಬುದು ಆಜ್ಞೆ; ಅದು ಸರಿಯೋ ತಪ್ಪೋ ಎಂದು ಕೇಳುವ ರೀತಿಯೇ ಬೇರೆ. “ಯುಗಾದಿಗೆ ಬೇವು ಬೆಲ್ಲ” ಎಂಬುದು ರೂಢಿ, ಅದಕ್ಕೆ ಸತ್ಯ ಸುಳ್ಳಿನ ಲೆಕ್ಕ ಅಂಟುವುದೇ ಇಲ್ಲ.

ಒಂದು ಹಾಳೆ ತೆಗೆದುಕೊಂಡು, ನಿಮಗೆ ಅಲುಗಾಡಿದೆ ಎನಿಸುವ ನಂಬಿಕೆಗಳನ್ನು ಸಾಲಿಗೊಂದರಂತೆ ಬರೆಯಿರಿ. ಹತ್ತು ಸಾಲು ಸಾಕು. ಪ್ರತಿ ಸಾಲಿನ ಮುಂದೆ ಎರಡು ಪ್ರಶ್ನೆ: ಇದು ಸುಳ್ಳಾಗಿದ್ದರೆ ನನ್ನ ಕಣ್ಣಿಗೆ ಏನು ಬೇರೆಯಾಗಿ ಕಾಣಬೇಕಿತ್ತು? ಇದನ್ನೇ ನೆಚ್ಚಿಕೊಂಡು ನಾನು ಏನೇನು ಮಾಡುತ್ತಿದ್ದೇನೆ? ಎರಡನೆಯ ಪ್ರಶ್ನೆಗೆ ಬರುವ ಉತ್ತರ ಬಹಳ ಜನರಿಗೆ ಅಚ್ಚರಿ ತರುತ್ತದೆ. “ದೇವರಿದ್ದಾನೆ” ಎಂಬ ಸಾಲಿನ ಮುಂದೆ “ಸುಳ್ಳು ಹೇಳುವುದಿಲ್ಲ” ಎಂದು ಬರೆಯಲು ಕೈ ಹೋಗುತ್ತದೆ. ದೇವರಿಲ್ಲ ಎಂದು ನಾಳೆ ಬೆಳಗ್ಗೆ ಗೊತ್ತಾದರೆ ಸಂಜೆಯೊಳಗೆ ಸುಳ್ಳು ಹೇಳಲು ಶುರು ಮಾಡುತ್ತೀರಾ ಎಂದು ಕೇಳಿಕೊಂಡರೆ, ಆ ಗೆರೆಯನ್ನು ಹೊಡೆದುಹಾಕಬೇಕಾಗುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು, ಒಂದು ಸಾಲು ಬಿದ್ದಾಗ ಹಾಳೆಯನ್ನೇ ಹರಿದು ಬಿಸಾಡುವುದು. ಅಷ್ಟೇ ದೊಡ್ಡ ಇನ್ನೊಂದು ತಪ್ಪು, ಹಾಳೆ ಉಳಿಯಲಿ ಎಂದು ಬಿದ್ದ ಸಾಲನ್ನು ಬಿದ್ದಿಲ್ಲ ಎನ್ನುವುದು.

ಒಂದು ನಂಬಿಕೆ ತಪ್ಪೆಂದು ಖಚಿತವಾಗಿ ಗೊತ್ತಾಗಿ, ಆದರೂ ಬದುಕು ನಡೆದಿರುವ ಉದಾಹರಣೆ ಇದೆಯೇ?

ಇದೆ, ವರ್ಷಕ್ಕೊಮ್ಮೆ ನಮ್ಮ ಮನೆಗಳಲ್ಲೇ ನಡೆಯುತ್ತದೆ. ಸಂಕ್ರಾಂತಿಯ ದಿನ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ, ಅಂದೇ ಉತ್ತರಾಯಣ ಶುರು ಎಂದು ಎಲ್ಲರೂ ಕೇಳಿಕೊಂಡು ಬೆಳೆದಿದ್ದೇವೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ಹೊತ್ತಿಗೆ ಬೀಳುತ್ತಿದ್ದವು. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿದು, ಈಗ ವ್ಯತ್ಯಾಸ 24 ದಿನದ ಹತ್ತಿರ ಬಂದಿದೆ.

ಮಾತು ನಂಬಬೇಕಾಗಿಲ್ಲ, ಮನೆಯ ತಾರಸಿಯಲ್ಲೇ ಅಳೆಯಬಹುದು. ನೆಲದಿಂದ ಸರಿಯಾಗಿ 1 ಮೀಟರ್ ಎತ್ತರ ನಿಲ್ಲುವಂತೆ ಒಂದು ಕೋಲು ನೆಡಿ. ಕೋಲು ನೆಟ್ಟಗಿದೆಯೇ ಎಂದು ಗಾರೆ ಕೆಲಸದವರ ತೂಕದ ಗುಂಡಿನಿಂದ ನೋಡಿ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ಗಡಿಯಾರದ 12 ಗಂಟೆಗಲ್ಲ. ಡಿಸೆಂಬರ್ 22ಕ್ಕೆ ಸುಮಾರು 12:18, ಜನವರಿ 14ಕ್ಕೆ ಸುಮಾರು 12:29. ಆ ಹೊತ್ತಿನ ನೆರಳು ಡಿಸೆಂಬರ್ 22ರಂದು 74 ಸೆಂಟಿಮೀಟರ್ ಆಸುಪಾಸು, ಸಂಕ್ರಾಂತಿಯಂದು 68. ಅಂದರೆ ಹಬ್ಬ ಬರುವಷ್ಟರಲ್ಲಿ ನೆರಳು ಆಗಲೇ ಆರು ಸೆಂಟಿಮೀಟರ್ ಚಿಕ್ಕದಾಗಿರುತ್ತದೆ, ಸೂರ್ಯ ಉತ್ತರಕ್ಕೆ ಹೊರಟು ಮೂರು ವಾರ ದಾಟಿರುತ್ತದೆ. ಅಳತೆ ಕೆಡುವುದು ಸಾಮಾನ್ಯವಾಗಿ ತಾರಸಿಯ ಇಳಿಜಾರಿನಿಂದ. ಮಳೆನೀರು ಹರಿಯಲೆಂದು ನೆಲಕ್ಕೆ ವಾಟ ಕೊಟ್ಟಿರುತ್ತಾರೆ. ಒಂದು ಹಲಗೆ ಹಾಕಿ ಮಟ್ಟಗೋಲಿಟ್ಟು ಸಮ ಮಾಡಿಕೊಂಡರೆ ಸರಿಹೋಗುತ್ತದೆ.

ಈಗ ಕೇಳಿಕೊಳ್ಳಿ: ಈ ಆರು ಸೆಂಟಿಮೀಟರ್ ಕಂಡ ಮೇಲೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜದ ಮಿಶ್ರಣವನ್ನು ಪಕ್ಕದ ಮನೆಗೆ ಕೊಡುವುದು ಅರ್ಥ ಕಳೆದುಕೊಂಡಿತೇ? ಇಲ್ಲ. ಆದರೆ “ಉತ್ತರಾಯಣ ಇವತ್ತು ಶುರು, ಆದ್ದರಿಂದ ಇವತ್ತೇ ಪುಣ್ಯಕಾಲ” ಎನ್ನುವ ವಾದ ಅರ್ಥ ಕಳೆದುಕೊಂಡಿತು. ನೆರೆಯವರೊಂದಿಗಿನ ನಂಟನ್ನು ನೆಚ್ಚಿದ್ದು ಉಳಿಯಿತು, ಸೂರ್ಯನ ಬಗ್ಗೆ ಹೇಳಿದ್ದು ಹೋಯಿತು. ದೊಡ್ಡ ನಂಬಿಕೆಗಳಲ್ಲೂ ಇದೇ ರೀತಿ ನೋಡಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಗವಿಪುರದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದಲ್ಲ? ಅದು ಸಾಕ್ಷಿಯಲ್ಲವೇ?

ಗವಿ ಗಂಗಾಧರೇಶ್ವರ ಗುಡಿಯಲ್ಲಿ ಅದು ನಡೆಯುವುದು ನಿಜ, ನೋಡಲು ನಿಜಕ್ಕೂ ಸೊಗಸು. ಆದರೆ ಸೂರ್ಯ ಒಂದೇ ದಾರಿಯಲ್ಲಿ ವರ್ಷಕ್ಕೆ ಎರಡು ಸಲ ಬರುತ್ತಾನೆ. ಜನವರಿ 14, ಡಿಸೆಂಬರ್ 21ರಿಂದ 24 ದಿನ ಮುಂದೆ; ಅದೇ ಡಿಸೆಂಬರ್ 21ರಿಂದ 24 ದಿನ ಹಿಂದೆ ಎಣಿಸಿದರೆ ನವೆಂಬರ್ ಕೊನೆಯ ವಾರ. ಆಗಲೂ ಮೋಡ ಇಲ್ಲದಿದ್ದರೆ ಅದೇ ಬೆಳಕು ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಇದರಿಂದ ದೇವರಿಲ್ಲ ಎಂದೂ ಸಾಬೀತಾಗುವುದಿಲ್ಲ, ಇದ್ದಾನೆ ಎಂದೂ ಆಗುವುದಿಲ್ಲ. ಸಾಬೀತಾಗುವುದು, ಆ ಕಿಂಡಿಯನ್ನೂ ನಂದಿಯನ್ನೂ ಕೂರಿಸಿದವರಿಗೆ ಸೂರ್ಯನ ದಾರಿ ಗೊತ್ತಿತ್ತು ಎಂಬುದು. ಪವಾಡ ಎನ್ನುವ ಮಾತನ್ನು ತೆಗೆದರೆ ಕೆಲಸಗಾರರ ಜಾಣ್ಮೆ ಎದ್ದು ಕಾಣುತ್ತದೆ.

ಇಂಥ ಪ್ರಶ್ನೆ ಕೇಳುವುದು ಈ ಊರಿಗೆ ಹೊಸತಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲೆಂದೇ ಒಂದು ಸಮಿತಿ ರಚಿಸಿದ್ದರು.

ಪ್ರಾರ್ಥನೆ, ಹರಕೆ ಫಲಿಸುವುದನ್ನು ಕಣ್ಣಾರೆ ಕಂಡಿದ್ದೇವೆ. ಅದೂ ತಪ್ಪೇ?

ಕಂಡಿದ್ದು ತಪ್ಪಲ್ಲ, ಎಣಿಸಿದ್ದು ತಪ್ಪಿರಬಹುದು. ಹರಕೆ ಹೊತ್ತು ಕೆಲಸ ಆದದ್ದು ಮನೆಯಲ್ಲಿ ಹತ್ತು ವರ್ಷ ಮಾತಾಗಿ ಉಳಿಯುತ್ತದೆ. ಹೊತ್ತೂ ಆಗದೆ ಹೋದದ್ದನ್ನು ಯಾರೂ ಎತ್ತುವುದಿಲ್ಲ. ಹೊರದೆ ಆದದ್ದು ಹರಕೆಯ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮದೇ ಮನೆಯಲ್ಲಿ ನೋಡಬೇಕೆಂದರೆ, ಹರಕೆ ಹೊರುವ ದಿನವೇ ಒಂದು ಪುಸ್ತಕದಲ್ಲಿ ತಾರೀಖು, ಏನು ಬೇಡಿದ್ದು, ಎಷ್ಟು ದಿನದೊಳಗೆ ಎಂದು ಬರೆದಿಡಿ. ಪಕ್ಕದಲ್ಲೇ, ಅಷ್ಟೇ ಮಹತ್ವದ ಆದರೆ ಹರಕೆ ಹೊರದ ಕೆಲಸಗಳನ್ನೂ ಬರೆಯಿರಿ. ಗಡುವನ್ನು ಆಮೇಲೆ ಹಿಗ್ಗಿಸಬಾರದು. “ದೇವರು ಬೇರೆ ರೀತಿಯಲ್ಲಿ ಕೊಟ್ಟ” ಎಂದು ತಿದ್ದಲೂಬಾರದು. ಹೀಗೆ ಬರೆಯದೆ ನೆನಪಿನ ಮೇಲೆ ಬಿಟ್ಟರೆ ಉತ್ತರ ಮೊದಲೇ ನಿರ್ಧಾರವಾಗಿರುತ್ತದೆ.

ದೊಡ್ಡ ಮಟ್ಟದಲ್ಲಿ ನಡೆದ ಪರೀಕ್ಷೆಯೂ ಇದೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 1,802 ಜನರನ್ನು ಮೂರು ಗುಂಪು ಮಾಡಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ನಡೆದವರಲ್ಲಿ 52%, ನಡೆಯದವರಲ್ಲಿ 51% ಮಂದಿಗೆ ತೊಡಕು ಕಾಣಿಸಿಕೊಂಡಿತು. ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿದ್ದ ಮೂರನೆಯ ಗುಂಪಿನಲ್ಲಿ 59%. ಇದರ ಮಿತಿಯನ್ನೂ ಹೇಳಬೇಕು. ಇಲ್ಲಿ ಪ್ರಾರ್ಥಿಸಿದವರು ಅಪರಿಚಿತರು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ತನ್ನ ಮಗನಿಗಾಗಿ ಬೇಡಿಕೊಳ್ಳುವ ತಾಯಿಗೆ ಆ ಹೊತ್ತಿನಲ್ಲಿ ಸಿಗುವ ಧೈರ್ಯದ ಬಗ್ಗೆ ಈ ಅಂಕಿಗಳು ಏನೂ ಹೇಳುವುದಿಲ್ಲ. ಆ ಧೈರ್ಯ ನಿಜವಾದದ್ದೇ.

ಹಾಗಾದರೆ ತಪ್ಪು ನಂಬಿಕೆಯಿಂದ ಯಾರಿಗೂ ನಷ್ಟವಿಲ್ಲ, ಇದ್ದರೆ ಇರಲಿ ಬಿಡಿ ಅನ್ನಬಹುದೇ?

ಎಲ್ಲ ಕಡೆ ಅನ್ನಲಾಗದು. ಕಾರಣವನ್ನು ತಪ್ಪಾಗಿ ಹಿಡಿದಾಗ ಬೆಲೆ ತೆರಬೇಕಾಗುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಅದನ್ನು ಅಮ್ಮನ ಮುನಿಸು ಎಂದು ಬಗೆದವರು ಬಹಳ. ಪ್ಲೇಗಿನ ಹೆಸರು ಹೊತ್ತ ಅಮ್ಮನ ಗುಡಿಗಳು ಈಗಲೂ ಊರಿನಲ್ಲಿವೆ. ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿಯಾಗಿತ್ತು. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆ ಎಂದು 1898ರಲ್ಲೇ ಕರಾಚಿಯಲ್ಲಿ ಗೊತ್ತಾಯಿತು. ಮುನಿಸಿಗೆ ಪರಿಹಾರ ಶಾಂತಿ. ಇಲಿಗೆ ಪರಿಹಾರ ಗಾಳಿ ಬೆಳಕಿರುವ ಮನೆ, ಅಗಲವಾದ ರಸ್ತೆ, ಮನೆಗಳ ನಡುವೆ ಜಾಗ. ಪೇಟೆಯ ಇಕ್ಕಟ್ಟಿನಿಂದ ಜನ ಮಲ್ಲೇಶ್ವರ, ಬಸವನಗುಡಿಗಳಿಗೆ ಹೋಗಿ ನೆಲೆಸಿದ್ದರ ಹಿಂದೆ ಇಕ್ಕಟ್ಟು ಬಿಡಿಸಿದರೆ ರೋಗ ತಗ್ಗುತ್ತದೆ ಎಂಬ ತಿಳಿವಳಿಕೆ ಇದೆ. ಕಾಯಿಲೆ, ಮಕ್ಕಳ ಜ್ವರ, ಹಾವು ಕಡಿತ, ಮಾನಸಿಕ ರೋಗ: ಈ ನಾಲ್ಕರಲ್ಲಿ “ಇರಲಿ ಬಿಡಿ” ಎನ್ನಬೇಡಿ. ಪೂಜೆ ಮಾಡುವವರು ಮಾಡಲಿ, ಆಂಬುಲೆನ್ಸ್ ಮೊದಲು ಹೊರಡಲಿ.

ಹೆದರಿಸಿ ಹಣ ಕೀಳುವವರು, ಮೈಮೇಲೆ ದೆವ್ವ ಬಂದಿದೆ ಎಂದು ಹೊಡೆಯುವವರ ವಿರುದ್ಧ ಕರ್ನಾಟಕದಲ್ಲಿ 2017ರ ಕಾಯ್ದೆಯೇ ಇದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ದೂರನ್ನು ಹತ್ತಿರದ ಪೊಲೀಸ್ ಠಾಣೆಗೇ ಕೊಡಬೇಕು.

ದೇವರೇ ಇಲ್ಲದಿದ್ದರೆ ಒಳ್ಳೆಯವರಾಗಿರಲು ಕಾರಣವೇನು?

ಇದನ್ನು ಕೇಳುವವರು ಸಾಮಾನ್ಯವಾಗಿ, ಸೃಷ್ಟಿಕರ್ತನಿಲ್ಲದೆ ಧರ್ಮವೇ ಇರಲಾರದು ಎಂದುಕೊಂಡಿರುತ್ತಾರೆ. ಕನ್ನಡದ ಆದಿಕವಿ ಪಂಪ ನಂಬಿದ ಜೈನಮತದಲ್ಲಿ ಜಗತ್ತನ್ನು ಸೃಷ್ಟಿಸಿದ ದೇವರಿಲ್ಲ. ಅಹಿಂಸೆಯ ವಿಷಯದಲ್ಲಿ ಅದಕ್ಕಿಂತ ಬಿಗಿಯಾದ ಶಿಸ್ತು ಹುಡುಕುವುದು ಕಷ್ಟ. ಬೌದ್ಧರಿಗೂ ಸೃಷ್ಟಿಕರ್ತ ಬೇಕಾಗಲಿಲ್ಲ. ಯಜ್ಞ ಯಾಗಗಳ ವಿಧಿಯನ್ನೇ ಜೀವಾಳವಾಗಿಟ್ಟುಕೊಂಡ ಪೂರ್ವಮೀಮಾಂಸೆ ಎಂಬ ದರ್ಶನವೂ ಜಗತ್ತಿಗೊಬ್ಬ ಕರ್ತನನ್ನು ಒಪ್ಪುವುದಿಲ್ಲ. ನೀತಿಯನ್ನು ದೇವರ ಮಾತಿನ ಮೇಲೆ ನಿಲ್ಲಿಸದೆ ನಡೆಸಿಕೊಂಡು ಬಂದ ಪರಂಪರೆಗಳು ನಮ್ಮ ನೆಲದಲ್ಲೇ ಸಾವಿರಾರು ವರ್ಷ ಬಾಳಿವೆ.

ಇನ್ನೊಂದು ಬದಿಯಿಂದ ನೋಡಿ. ದೇವರು ಹೇಳಿದ್ದರಿಂದ ಕೊಲೆ ಕೆಟ್ಟದ್ದೋ, ಕೆಟ್ಟದ್ದಾದ್ದರಿಂದ ದೇವರು ಬೇಡವೆಂದನೋ? ಎರಡನೆಯದು ನಿಜವಾದರೆ ಕೆಟ್ಟದ್ದೆನ್ನಲು ದೇವರಿಗಿಂತ ಮೊದಲೇ ಒಂದು ಕಾರಣವಿದೆ, ಅದು ನಮಗೂ ತಿಳಿಯಬಹುದಾದದ್ದು. ಗ್ರೀಕ್ ದಾರ್ಶನಿಕ ಪ್ಲೇಟೋನ ಕಾಲದಿಂದ ಈ ಪ್ರಶ್ನೆ ಇದೆ, ಭಕ್ತರಾದ ದಾರ್ಶನಿಕರೂ ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಇಲ್ಲಿ ನಿಜವಾಗಿ ಕಳೆದುಹೋಗುವುದೂ ಒಂದಿದೆ, ಅದನ್ನು ಮರೆಮಾಚಬಾರದು. “ಅವನು ಮಾಡಿದ್ದನ್ನು ಉಣ್ಣುತ್ತಾನೆ” ಎಂಬ ಭರವಸೆ ಹೋಗುತ್ತದೆ. ಕರ್ಮದ ಲೆಕ್ಕ ಇಡುವವರು ಯಾರೂ ಇಲ್ಲದಿದ್ದರೆ ಮೋಸ ಮಾಡಿದವನು ಸುಖವಾಗಿ ಸತ್ತುಹೋಗಬಹುದು. ಅನ್ಯಾಯ ಅನುಭವಿಸಿದವರಿಗೆ ಇದು ಸಣ್ಣ ನಷ್ಟವಲ್ಲ. ಆದರೆ ಅದೇ ಲೆಕ್ಕದ ಇನ್ನೊಂದು ಪುಟವೂ ಅದರ ಜೊತೆಗೇ ಹೋಗುತ್ತದೆ: ಅಂಗವಿಕಲ ಮಗುವಿನ ತಾಯಿಗೆ “ಹಿಂದಿನ ಜನ್ಮದ ಪಾಪ” ಎನ್ನುವ ಮಾತು, ಕೇರಿಯಲ್ಲಿ ಹುಟ್ಟಿದವರಿಗೆ “ನಿನ್ನ ಕರ್ಮ” ಎನ್ನುವ ಮಾತು. ಕರ್ಮ ಸುಳ್ಳಾದರೆ ಆ ಮಾತುಗಳಿಗೆ ನಿಲ್ಲಲು ನೆಲವಿಲ್ಲ. ಜಾತಿಯ ಮೇಲುಕೀಳಿಗೆ ಕೊಟ್ಟ ಸಮರ್ಥನೆಗಳಲ್ಲಿ ಬಹುಪಾಲು ಇದೇ ನಂಬಿಕೆಯ ಮೇಲೆ ನಿಂತಿವೆ ಎಂಬುದನ್ನು ನೆನೆದರೆ, ಲಾಭ ನಷ್ಟಕ್ಕಿಂತ ದೊಡ್ಡದು ಎಂದೇ ನಮಗನಿಸುತ್ತದೆ. ನ್ಯಾಯ ಇಲ್ಲಿಯೇ, ಕೋರ್ಟಿನಲ್ಲಿ, ಕಚೇರಿಯಲ್ಲಿ, ಮನೆಯ ಜಗಲಿಯಲ್ಲಿ ಆಗಬೇಕು ಎಂಬ ಒತ್ತಾಯವೂ ಹೆಚ್ಚುತ್ತದೆ.

ಸತ್ತವರು ಎಲ್ಲೂ ಇಲ್ಲ ಎಂದಾದರೆ ಹೇಗೆ ತಡೆದುಕೊಳ್ಳುವುದು?

ಎಲ್ಲ ಪ್ರಶ್ನೆಗಳಲ್ಲಿ ಇದೇ ಕಷ್ಟದ್ದು. ಮತ್ತೆ ಸಿಗುತ್ತಾರೆ ಎಂಬ ಆಸೆ ಹೋದರೆ ಅದರ ಜಾಗ ತುಂಬುವಂಥದ್ದು ಬೇರೆ ಇಲ್ಲ. ಹೋದದ್ದು ಹೋಯಿತು ಎಂದು ಅಳಬೇಕಾಗುತ್ತದೆ. ಜೊತೆಗೇ ಕೆಲವು ಭಾರಗಳೂ ಇಳಿಯುತ್ತವೆ: ತಿಥಿ ತಪ್ಪಿತು, ಪಿಂಡಕ್ಕೆ ಕಾಗೆ ಮುಟ್ಟಲಿಲ್ಲ, ಅಪಮೃತ್ಯು ಆದ್ದರಿಂದ ಸದ್ಗತಿ ಸಿಗಲಿಲ್ಲ, ಗಂಡುಮಕ್ಕಳಿಲ್ಲದ್ದರಿಂದ ನೀರು ಬಿಡುವವರಿಲ್ಲ. ಸತ್ತವರು ಎಲ್ಲೂ ಇಲ್ಲದಿದ್ದರೆ ಎಲ್ಲೂ ಹಸಿದಿಲ್ಲ, ಬಾಯಾರಿಲ್ಲ, ನಿಮ್ಮ ಮೇಲೆ ಮುನಿದಿಲ್ಲ.

ತಿಥಿಯನ್ನು ನಿಲ್ಲಿಸಲೇಬೇಕೆಂದಿಲ್ಲ. ಅಪ್ಪನಿಗೆ ಇಷ್ಟವಾದ ಹುಳಿ ಮಾಡಿ, ಮಕ್ಕಳಿಗೆ ಅವರ ಮಾತು ಹೇಳಿ, ನಾಲ್ಕು ಜನಕ್ಕೆ ಊಟ ಹಾಕುವುದಕ್ಕೆ ಪಿತೃಲೋಕ ಇರಬೇಕಾಗಿಲ್ಲ. ಸಾವಿನ ಮನೆಯಲ್ಲಿ ಮಾತ್ರ, ನಿಮಗೆ ನಂಬಿಕೆ ಇಲ್ಲ ಎಂದು ಹೇಳುವ ಹೊತ್ತು ಅದಲ್ಲ. ಗಂಡನನ್ನು ಕಳೆದುಕೊಂಡ ಚಿಕ್ಕಮ್ಮ “ಮೇಲಿಂದ ನೋಡ್ತಾ ಇರ್ತಾರೆ” ಎಂದರೆ ಕೈ ಹಿಡಿದುಕೊಳ್ಳಿ, ಸಾಕು.

ಶಾಸ್ತ್ರವಿಲ್ಲದೆ ಅಂತ್ಯಸಂಸ್ಕಾರ ಬೆಂಗಳೂರಿನಲ್ಲಿ ಸಾಧ್ಯವೇ?

ಸಾಧ್ಯ, ಕಷ್ಟವೂ ಇಲ್ಲ. ಮನೆಯಲ್ಲಿ ಸಾವಾದರೆ ಮೊದಲು ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಬೇಕು, ಅದು ನಮೂನೆ 4ಎ. ಆಸ್ಪತ್ರೆಯಲ್ಲಾದರೆ ಅವರೇ ನಮೂನೆ 4 ತುಂಬುತ್ತಾರೆ. ಜೊತೆಗೆ ತೀರಿಕೊಂಡವರದು ಮತ್ತು ನಿಮ್ಮದು ಗುರುತಿನ ಚೀಟಿ. ವಿಲ್ಸನ್ ಗಾರ್ಡನ್, ಬನಶಂಕರಿ, ಹೆಬ್ಬಾಳದಂಥ ವಿದ್ಯುತ್ ಚಿತಾಗಾರಗಳಲ್ಲಿ ಪುರೋಹಿತರು ಕಡ್ಡಾಯವಲ್ಲ. ಮನೆಯವರೇ ನಿಂತು ನಾಲ್ಕು ಮಾತಾಡಿ ಕಳಿಸಿಕೊಡಬಹುದು. ಪೇಸ್‌ಮೇಕರ್ ಇದ್ದರೆ ತಪ್ಪದೆ ಮೊದಲೇ ತೆಗೆಸಬೇಕು, ಶಾಖಕ್ಕೆ ಅದು ಸಿಡಿಯುತ್ತದೆ. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು. ಆಮೇಲೆ ಬ್ಯಾಂಕು, ವಿಮೆ, ಖಾತೆ ಬದಲಾವಣೆ ಎಲ್ಲಕ್ಕೂ ನೋಂದಣಿಯಾದ ಮೇಲೆ ಸಿಗುವ ಮರಣ ಪ್ರಮಾಣಪತ್ರವೇ ಬೇಕಾಗುವುದರಿಂದ ಹೆಚ್ಚು ಪ್ರತಿ ಮಾಡಿಸಿಕೊಳ್ಳಿ.

ದೊಡ್ಡವರ ಬೂದಿ ಎರಡು ಮೂರು ಕಿಲೋ ಬರುತ್ತದೆ. ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಗೆ ಹೋಗದೆ ಮರದ ಬುಡಕ್ಕೆ ಹಾಕಬೇಕೆನಿಸಿದರೆ ಒಂದೇ ಕಡೆ ಸುರಿಯಬೇಡಿ. ಬೂದಿಯಲ್ಲಿ ಉಪ್ಪಿನಂಶ, ಕ್ಷಾರ ಎರಡೂ ಜಾಸ್ತಿ, ಎಳೆಯ ಗಿಡದ ಬೇರು ಸುಟ್ಟುಹೋಗುತ್ತದೆ. ಬುಟ್ಟಿಗಟ್ಟಲೆ ಮಣ್ಣಿನೊಂದಿಗೆ ಬೆರೆಸಿ ಅಗಲಕ್ಕೆ ಹರಡಿ.

ಕಣ್ಣು ದಾನ ಮಾಡುವುದಿದ್ದರೆ ಸಾವಾದ 6 ಗಂಟೆಯೊಳಗೆ ಆಗಬೇಕು. ನೇತ್ರ ಬ್ಯಾಂಕಿನವರು ಬರುವತನಕ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಟ್ಟು ಎತ್ತರಿಸಿ. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಶಸ್ತ್ರಚಿಕಿತ್ಸೆ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬೀಸ್ ಇದ್ದರೆ ತೆಗೆದುಕೊಳ್ಳುವುದಿಲ್ಲ. ದೇಹದಾನವನ್ನು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಮಾಡಬೇಕು. ಮರಣೋತ್ತರ ಪರೀಕ್ಷೆ ಆದ ದೇಹವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬದುಕಿದ್ದಾಗ ಎಷ್ಟೇ ಫಾರಂ ತುಂಬಿದ್ದರೂ ಕೊನೆಗೆ ಮನೆಯವರು ಒಪ್ಪದಿದ್ದರೆ ನಡೆಯುವುದಿಲ್ಲ. ಹೆಚ್ಚಿನ ದಾನಗಳು ಮುರಿದುಬೀಳುವುದು ಇಲ್ಲಿಯೇ. ಆದ್ದರಿಂದ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು ಎಲ್ಲರಿಗೂ ಮುಂಚೆಯೇ ಬಾಯಿಬಿಟ್ಟು ಹೇಳಿರಬೇಕು.

ಮದುವೆ?

ಪುರೋಹಿತರಿಲ್ಲದ ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರು ಮದುವೆ ನಡೆಸುವ ವಿವಾಹಾಧಿಕಾರಿಯ ವ್ಯಾಪ್ತಿಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ಆ ಅಧಿಕಾರಿಗೆ ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು, ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ರದ್ದು. ಅಂದಿನ ದಿನ ಮೂರು ಸಾಕ್ಷಿಗಳು ಬೇಕು. ಜನ ಎಡವುವುದು ಒಂದು ಕಡೆ: ನಿಮ್ಮ ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ನೋಟಿಸಿನ ಪ್ರತಿ ಅಲ್ಲಿಗೂ ಹೋಗಿ ಅಲ್ಲಿಯ ಕಚೇರಿಯಲ್ಲೂ ಅಂಟುತ್ತದೆ. ಮನೆಯವರಿಗೆ ಇನ್ನೂ ಹೇಳಿಲ್ಲದವರು ಇದನ್ನು ತಿಳಿದೇ ಹೆಜ್ಜೆ ಇಡಬೇಕು.

ಕುವೆಂಪು ಅವರು ರೂಪಿಸಿದ, ಪುರೋಹಿತರಿಲ್ಲದ ಸರಳ ಮದುವೆಯಾದ ಮಂತ್ರಮಾಂಗಲ್ಯ ಬೇಕೆನ್ನುವವರು ಅದರ ಜೊತೆಗೆ ಈ ಕಾಯ್ದೆಯಡಿ ಮದುವೆ ಮಾಡಿಕೊಳ್ಳುವುದು ಕ್ಷೇಮ. ಹಿಂದೂ ವಿವಾಹ ಕಾಯ್ದೆಯಡಿ ವಿಧಿಗಳೇ ನಡೆಯದಿದ್ದರೆ ಬರೀ ನೋಂದಣಿಯಿಂದ ಮದುವೆ ಸಿಂಧುವಾಗುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಂಬಿಕೆ ಬಿಟ್ಟರೆ ಆಸ್ತಿಯ ಹಕ್ಕು ಹೋಗುತ್ತದೆಯೇ?

ಹಿಂದೂ ಕುಟುಂಬದಲ್ಲಿ ಹುಟ್ಟಿದವರಿಗೆ ಹೋಗುವುದಿಲ್ಲ. ತಂದೆ ತಾಯಿ ಇಬ್ಬರೂ ಹಿಂದೂಗಳಾಗಿದ್ದು, ನೀವು ಬೇರೆ ಮತಕ್ಕೆ ಸೇರಿಲ್ಲದಿದ್ದರೆ 1956ರ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸುತ್ತದೆ. ನೀವು ದೇವರನ್ನು ನಂಬುತ್ತೀರಾ ಎಂದು ಅದು ಕೇಳುವುದಿಲ್ಲ. ಜೈನ, ಬೌದ್ಧ, ಸಿಖ್ಖರಿಗೂ ಹೀಗೆಯೇ. ಕ್ರೈಸ್ತರ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆಯಾಗುತ್ತದೆ. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ನಂಬಿಕೆ ಬಿಟ್ಟವರು ವೈಯಕ್ತಿಕ ಕಾನೂನಿನ ಬದಲು ಈ 1925ರ ಕಾಯ್ದೆಗೆ ಒಳಪಡಬಹುದೇ ಎಂಬ ಪ್ರಶ್ನೆಯನ್ನು 2024ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ತೆಗೆದುಕೊಂಡಿತು. ಅಂಥವರು ಉಯಿಲು ಬರೆಯುವ ಮುನ್ನ ವಕೀಲರನ್ನು ಕಾಣಲೇಬೇಕು.

ಕೋರ್ಟಿನಲ್ಲಿ ದೇವರ ಮೇಲೆ ಆಣೆ ಮಾಡಬೇಕೇ? ಶಾಲೆಯಲ್ಲಿ ಮಗು ಪ್ರಾರ್ಥನೆ ಹೇಳಲೇಬೇಕೇ?

ಎರಡಕ್ಕೂ ಉತ್ತರ ಇಲ್ಲ. 1969ರ ಪ್ರಮಾಣವಚನ ಕಾಯ್ದೆಯಂತೆ ದೇವರ ಹೆಸರು ಬಿಟ್ಟು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು, ಅದಕ್ಕೂ ಅಷ್ಟೇ ಬೆಲೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಶಾಲೆಗೆ ಒಂದು ಪತ್ರ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಆದರೆ ಒಂಟಿಯಾಗಿ ತರಗತಿಯಲ್ಲಿ ಕೂತಿರುವುದು ಮಗುವಿಗೆ ಹೇಗನಿಸುತ್ತದೆ ಎಂದು ಮೊದಲು ಮಗುವನ್ನೇ ಕೇಳಿ.

ನಂಬಿದರೆ ನಷ್ಟವೇನು? ಇದ್ದರೆ ಲಾಭ, ಇಲ್ಲದಿದ್ದರೆ ಹಾನಿಯಿಲ್ಲ.

ಪ್ಯಾಸ್ಕಲ್ ಎಂಬ ಫ್ರೆಂಚ್ ಗಣಿತಜ್ಞ 17ನೇ ಶತಮಾನದಲ್ಲಿ ಇದೇ ಮಾತನ್ನು ಲೆಕ್ಕ ಹಾಕಿ ಹೇಳಿದ. ಅವನ ಲೆಕ್ಕದಲ್ಲಿ ಆಯ್ಕೆ ಎರಡೇ ಇದ್ದವು. ಶಿವಾಜಿನಗರದ ಒಂದು ಸುತ್ತು ಹಾಕಿದರೆ ಸೇಂಟ್ ಮೇರಿ ಬೆಸಿಲಿಕಾ, ಮಸೀದಿ, ಗುಡಿ ಎಲ್ಲವೂ ಸಿಗುತ್ತವೆ. ಒಂದನ್ನು ನಂಬಿದರೆ ಇನ್ನೊಂದರ ಕಟ್ಟಳೆಯ ಪ್ರಕಾರ ತಪ್ಪಿತಸ್ಥರೇ ಆಗಬಹುದು. ಇನ್ನು, ಲಾಭಕ್ಕಾಗಿ ನಂಬುತ್ತೇನೆ ಎಂದು ನಿರ್ಧರಿಸಿದ ಮಾತ್ರಕ್ಕೆ ನಂಬಿಕೆ ಬರುವುದಿಲ್ಲ, ಎಲ್ಲವನ್ನೂ ಬಲ್ಲ ದೇವರಿಗೆ ಅದು ತಿಳಿಯದೆಯೂ ಇರುವುದಿಲ್ಲ.

ನಂಬದಿರುವ ನಾವೇ ತಪ್ಪಾಗಿದ್ದರೆ?

ಆಗಿರಬಹುದು. ಮೇಲಿನ ಹಾಳೆಯ ಕೆಲಸವನ್ನು ಅತ್ತ ಕಡೆಯಿಂದಲೂ ಮಾಡಬೇಕು: “ದೇವರಿಲ್ಲ” ಎಂಬುದನ್ನೇ ಆಧಾರ ಮಾಡಿಕೊಂಡು ನಾನು ಏನು ಮಾಡುತ್ತಿದ್ದೇನೆ, ಅದು ಸುಳ್ಳಾದರೆ ಯಾವುದು ಕೆಡುತ್ತದೆ? ಪ್ರಾಮಾಣಿಕವಾಗಿ ಅನುಮಾನಿಸಿದವರನ್ನು ಶಿಕ್ಷಿಸುವ ದೇವರು ಪೂಜೆಗೆ ಅರ್ಹನೇ ಎಂಬ ಪ್ರಶ್ನೆಯನ್ನು ಭಕ್ತರೂ ಕೇಳಿದ್ದಾರೆ.

ಪೂಜೆ ನಿಲ್ಲಿಸಿದ ಮೇಲೆ ಏನೋ ಕೆಟ್ಟದ್ದಾಗುತ್ತದೆ ಎಂಬ ಭಯ ಹೋಗುತ್ತಿಲ್ಲ.

ಬಾಲ್ಯದಿಂದ ಕಲಿತ ಭಯ ತರ್ಕ ಮುಗಿದ ಕೂಡಲೇ ಹೋಗುವುದಿಲ್ಲ. ಹರಕೆ ತೀರಿಸದ ವಾರವೇ ಬೈಕು ಜಾರಿದರೆ ಎದೆ ಝಲ್ಲೆನ್ನುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ಹರಕೆ ತೀರಿಸಿದವರ ಬೈಕೂ ಜಾರುತ್ತದೆ ಎಂಬುದು ಆ ಕ್ಷಣಕ್ಕೆ ನೆನಪಿಗೆ ಬರುವುದಿಲ್ಲ. ಎಲ್ಲವನ್ನೂ ಒಂದೇ ದಿನ ಬಿಡಬೇಡಿ. ಅತಿ ಕಡಿಮೆ ಭಯ ಹುಟ್ಟಿಸುವ ಒಂದನ್ನು, ಉದಾಹರಣೆಗೆ ರಾಹುಕಾಲ ನೋಡಿ ಹೊರಡುವುದನ್ನು, ಮೊದಲು ಬಿಟ್ಟು ಕೆಲವು ವಾರ ನೋಡಿ. ಅದು ಹಗುರಾದ ಮೇಲೆ ಮುಂದಿನದು.

ಮನಸ್ಸಿನಲ್ಲಿ ಬೇಡದ ದೈವನಿಂದೆಯ ಮಾತು ಬಂದು, ಅದನ್ನು ತೊಳೆದುಕೊಳ್ಳಲು ಮತ್ತೆ ಮತ್ತೆ ಜಪ, ಸ್ನಾನ, ಕ್ಷಮೆ ಕೇಳುವುದು ದಿನದ ಗಂಟೆಗಳನ್ನೇ ತಿನ್ನುತ್ತಿದ್ದರೆ ಅದು ಗೀಳು ಕಾಯಿಲೆಯ ಒಂದು ರೂಪವಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ನಿಮ್ಹಾನ್ಸ್‌ಗೆ ಹೋಗಬಹುದು, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೆ ಹೇಳಬೇಕೇ?

ಹೇಳಲೇಬೇಕೆಂದಿಲ್ಲ. ನಿಮ್ಮ ಓದು, ಊಟ, ವಸತಿ ಅವರ ಕೈಯಲ್ಲಿದ್ದರೆ ಸ್ವಂತ ಕಾಲ ಮೇಲೆ ನಿಲ್ಲುವತನಕ ಕಾಯುವುದು ಹೇಡಿತನವಲ್ಲ. ಹೇಳುವುದಿದ್ದರೆ ಹಬ್ಬದ ದಿನ ಬೇಡ, ನೆಂಟರೆದುರು ಬೇಡ, ವಾಟ್ಸ್ಆಪ್ ಗುಂಪಿನಲ್ಲಂತೂ ಬೇಡವೇ ಬೇಡ. ಒಬ್ಬರಿಗೆ, ಒಂಟಿಯಾಗಿ ಸಿಕ್ಕಾಗ ಹೇಳಿ. “ಅಮ್ಮಾ, ನಂಗೆ ಮೊದಲಿನ ಥರ ನಂಬಿಕೆ ಉಳಿದಿಲ್ಲ. ನೀನು ಮಾಡೋದನ್ನ ಬೇಡ ಅನ್ನಲ್ಲ. ಹಬ್ಬಕ್ಕೆ ಬರ್ತೀನಿ, ಕೆಲಸ ಮಾಡ್ತೀನಿ, ಸಂಕಲ್ಪಕ್ಕೆ ಮಾತ್ರ ಕೂರಲ್ಲ” ಎಂಬಷ್ಟು ಸ್ಪಷ್ಟವಾಗಿರಲಿ. ತಾಯಂದಿರು ಹೆಚ್ಚಾಗಿ ಹೆದರುವುದು ದೇವರಿಗಿಂತ ಮಗ ಮಗಳು ತಮ್ಮಿಂದ ದೂರವಾದಾರು ಎಂದು. ಆ ಭಯಕ್ಕೆ ಮೊದಲು ಉತ್ತರ ಕೊಟ್ಟರೆ ಉಳಿದ ಮಾತು ಸುಲಭ. ಅವರ ನಂಬಿಕೆಯನ್ನು ಅಲ್ಲಿಯೇ ಬಿಡಿಸಲು ಹೊರಟರೆ ಮಾತು ಜಗಳವಾಗುತ್ತದೆ.

ದೇವರ ಮನೆಯ ವಸ್ತುಗಳನ್ನು ಏನು ಮಾಡುವುದು?

ಮನೆಯಲ್ಲಿ ಯಾರಾದರೂ ಪೂಜಿಸುವವರಿದ್ದರೆ ಏನನ್ನೂ ಮುಟ್ಟಬೇಡಿ. ಯಾರೂ ಇಲ್ಲದಿದ್ದರೆ ಸಾಲಿಗ್ರಾಮ, ಹಳೆಯ ಪಂಚಲೋಹದ ವಿಗ್ರಹಗಳನ್ನು ದಾಯಾದಿಗಳಲ್ಲಿ ಪೂಜೆ ಉಳಿಸಿಕೊಂಡವರಿಗೆ ಕೇಳಿ ಕೊಡಿ. ಅವರಿಗೆ ಅದು ಅಮೂಲ್ಯ. ಹಿತ್ತಾಳೆ ದೀಪ, ಗಂಟೆಗಳನ್ನು ಅಜ್ಜಿಯ ನೆನಪಿಗೆ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಗಾಜು ಹಾಕಿದ ಹಳೆಯ ಪಟಗಳನ್ನು ಅಶ್ವತ್ಥಕಟ್ಟೆಯ ಬುಡದಲ್ಲಿಟ್ಟು ಬರುವುದು ನಮ್ಮೂರಿನ ವಾಡಿಕೆ, ಆದರೆ ಮಳೆಗೆ ಚಿತ್ರ ಕರಗಿ, ಗಾಜು ಒಡೆದು, ಕೊನೆಗೆ ಅದನ್ನು ಬರಿಗೈಯಲ್ಲಿ ಎತ್ತುವವರು ಪೌರಕಾರ್ಮಿಕರು. ಹಿಂದಿನ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಚಿತ್ರವನ್ನು ಬೇರೆ ತೆಗೆದಿಡಿ. ಚೌಕಟ್ಟನ್ನು ಒಣಕಸದವರಿಗೆ ಕೊಡಿ. ಗಾಜನ್ನು ಎರಡು ಪದರ ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ “ಗಾಜು” ಎಂದು ದೊಡ್ಡದಾಗಿ ಬರೆದು, ಕೈಗೇ ಕೊಟ್ಟು ಹೇಳಿ.